ಬಳೆ ಸಡಿಲ, ಚಪ್ಪಲಿ ಬಿಗಿ: ಹೃದಯ ಸೋತವರ ಮೈ ಯಾಕೆ ಸೊರಗುತ್ತದೆ?

ನಮ್ಮ ದೊಡ್ಡಮ್ಮನಿಗೆ ಹಾರ್ಟ್ ವೀಕ್, ಅಂದರೆ ಹೃದಯ ವೈಫಲ್ಯ ಇದೆ ಅಂತ ಗೊತ್ತಾಗಿ ಎರಡು ವರ್ಷ ಆಗಿತ್ತು. ಪ್ರತಿ ಸಲ ಚೆಕಪ್‌ಗೆ ಹೋದಾಗ ತೂಕ ನೋಡುತ್ತಿದ್ದರು. 52 ಕಿಲೋ. ಮುಂದಿನ ತಿಂಗಳೂ 52. ತೂಕ ಇಳಿದಿಲ್ಲ ಅಂತ ಮನೆಯವರಿಗೆಲ್ಲ ಸಮಾಧಾನ. ಆದರೆ ಅವರು ತಲೆ ಬಾಚಲು ಕೈ ಎತ್ತಿದರೆ ಬಳೆಗಳು ಸರ್ರನೆ ಮೊಣಕೈಗೆ ಜಾರುತ್ತಿದ್ದವು. ಅದೇ ದಿನಗಳಲ್ಲಿ ಹಳೆಯ ಚಪ್ಪಲಿ ಕಾಲಿಗೆ ಹಿಡಿಸುತ್ತಿರಲಿಲ್ಲ. ಮೇಲೆ ಸಡಿಲ, ಕೆಳಗೆ ಬಿಗಿ. ಈ ಎರಡನ್ನೂ ನಾವು ದಿನಾ ನೋಡುತ್ತಿದ್ದೆವು. ಒಂದಕ್ಕೊಂದು ಸಂಬಂಧ ಇದೆ ಅಂತ ಯಾರಿಗೂ ಹೊಳೆಯಲಿಲ್ಲ.

ಸಂಬಂಧ ಇತ್ತು. ಮೈಯ ಮಾಂಸಖಂಡ ಕರಗುತ್ತಿತ್ತು, ಆ ಜಾಗಕ್ಕೆ ನೀರು ಬಂದು ಸೇರುತ್ತಿತ್ತು. ತಕ್ಕಡಿಗೆ ಮಾಂಸ ಯಾವುದು, ನೀರು ಯಾವುದು ಗೊತ್ತಾಗುವುದಿಲ್ಲ ಅಲ್ವಾ? ಅದು ಎರಡನ್ನೂ ಕೂಡಿಸಿ 52 ಅನ್ನುತ್ತಿತ್ತು.

ಹೃದಯ ವೈಫಲ್ಯ ಅಂದರೆ ಹೃದಯ ನಿಂತುಹೋಗುವುದಲ್ಲ. ಮೈಗೆ ಬೇಕಾದಷ್ಟು ರಕ್ತವನ್ನು ಸರಿಯಾಗಿ ತಳ್ಳಲು ಅದಕ್ಕೆ ಆಗದಿರುವುದು. ಎಕೋ ಮಾಡಿಸಿ ಬಂದವರು ‘ಪಂಪಿಂಗ್ ಕಡಿಮೆ ಇದೆಯಂತೆ’ ಎನ್ನುವುದನ್ನು ಕೇಳಿರುತ್ತೀರಿ. ಪಂಪಿಂಗ್ ಚೆನ್ನಾಗಿದ್ದೂ ಹೃದಯದ ಗೋಡೆ ಗಡುಸಾಗಿ, ರಕ್ತವನ್ನು ಒಳಗೆ ತುಂಬಿಕೊಳ್ಳಲು ಒದ್ದಾಡುವ ಬಗೆಯೂ ಇದೆ. ಎರಡರಲ್ಲೂ ಕೊನೆಗೆ ಆಗುವುದು ಒಂದೇ. ಹೃದಯದ ಹಿಂದೆ ರಕ್ತ ನಿಂತುಕೊಳ್ಳುತ್ತದೆ. ಮೂತ್ರಪಿಂಡ ಉಪ್ಪು ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಾಲು, ಹೊಟ್ಟೆ, ಶ್ವಾಸಕೋಶಗಳಲ್ಲಿ ನೀರು ಸೇರುತ್ತದೆ.

ಈ ಕಾಯಿಲೆಯಲ್ಲಿ ಮೈ ಸೊರಗುವುದು ಹೊಸದಾಗಿ ಕಂಡುಹಿಡಿದ ಸಂಗತಿಯಲ್ಲ. ಹೊಟ್ಟೆ ನೀರು ತುಂಬಿ, ಕಾಲು ಊದಿ, ಭುಜ, ಎದೆ, ತೊಡೆ ಕರಗಿಹೋಗುವ ರೋಗಿಗಳ ವರ್ಣನೆ ಗ್ರೀಸಿನ ಹಿಪ್ಪೋಕ್ರೇಟಿಸ್ ಹೆಸರಿನ ಬರಹಗಳಲ್ಲೇ ಸಿಗುತ್ತದೆ. ಸುಮಾರು 2400 ವರ್ಷ ಹಿಂದಿನ ಮಾತು ಅದು. ಆದರೆ ಇದು ಎಷ್ಟು ಅಪಾಯಕಾರಿ ಎಂದು ಲೆಕ್ಕ ಸಿಕ್ಕಿದ್ದು ಇತ್ತೀಚೆಗೆ. 1997ರಲ್ಲಿ ಸ್ಟೀಫನ್ ಆಂಕರ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ 171 ರೋಗಿಗಳನ್ನು ಗಮನಿಸಿದ ವಿವರ ಪ್ರಕಟಿಸಿದರು. ನೀರಿನ ಲೆಕ್ಕ ಬಿಟ್ಟು, ಆರು ತಿಂಗಳಲ್ಲಿ ಶೇ. 7.5ಕ್ಕಿಂತ ಜಾಸ್ತಿ ತೂಕ ಕಳೆದುಕೊಂಡವರನ್ನು ಅವರು ಬೇರೆ ಮಾಡಿ ನೋಡಿದರು. ಆ ಗುಂಪಿನಲ್ಲಿ 18 ತಿಂಗಳೊಳಗೆ ಅರ್ಧದಷ್ಟು ಜನ ತೀರಿಕೊಂಡಿದ್ದರು. ಉಳಿದವರಲ್ಲಿ ಆ ಪ್ರಮಾಣ ಶೇ. 17. ಹೃದಯದ ಪಂಪಿಂಗ್ ಎಷ್ಟಿದೆ, ವಯಸ್ಸೆಷ್ಟು ಎಂಬುದನ್ನೆಲ್ಲ ಲೆಕ್ಕ ಹಿಡಿದ ಮೇಲೂ ಮೈ ಕರಗುವುದೇ ಒಂದು ಸ್ವತಂತ್ರ ಅಪಾಯವಾಗಿ ಉಳಿಯಿತು.

ಹಾಗಾದರೆ ಮೈ ಯಾಕೆ ಕರಗುತ್ತದೆ? ಮನೆಗಳಲ್ಲಿ ಸಿಗುವ ಉತ್ತರ ಒಂದೇ. ‘ಸರಿಯಾಗಿ ಊಟ ಮಾಡಲ್ಲ, ಹಠ.’ ನಮ್ಮ ಮನೆಯಲ್ಲೂ ಇದೇ ಮಾತು ನಡೆಯುತ್ತಿತ್ತು. ‘ಅತ್ತೆ, ಇನ್ನೊಂದು ತುತ್ತು’ ಎಂದು ಸೊಸೆ ಬೇಡಿಕೊಳ್ಳುವುದು, ‘ಬೇಡ ಕಣಮ್ಮ, ಇಲ್ಲಿತನಕ ಬಂದಿದೆ’ ಎಂದು ದೊಡ್ಡಮ್ಮ ಗಂಟಲು ಮುಟ್ಟಿ ತೋರಿಸುವುದು. ಎರಡು ತುತ್ತಿಗೆ ಹೊಟ್ಟೆ ತುಂಬುವುದು ಹೇಗೆ ಅಂತ ನಾವು ನಂಬುತ್ತಿರಲಿಲ್ಲ. ಅವರು ಹೇಳುತ್ತಿದ್ದುದು ನಿಜ. ಆಗ ನಂಬದೇ ಹೋದದ್ದಕ್ಕೆ ನನಗೆ ಇವತ್ತಿಗೂ ಬೇಸರವಿದೆ.

ಯಕೃತ್ತಿನಲ್ಲಿ ರಕ್ತ ನಿಂತು ಅದು ದಪ್ಪಗಾಗಿರುತ್ತದೆ. ಜಠರ ಇರುವುದು ಅದರ ಪಕ್ಕದಲ್ಲೇ. ಹೊಟ್ಟೆಯಲ್ಲಿ ನೀರೂ ತುಂಬಿದ್ದರೆ ಜಠರಕ್ಕೆ ಹಿಗ್ಗಲು ಜಾಗವೇ ಇರುವುದಿಲ್ಲ. ಹಾಗಾಗಿ ನಾಲ್ಕು ತುತ್ತಿಗೇ ಸಾಕು ಅನ್ನಿಸುತ್ತದೆ. ಉಸಿರಿನ ಕಥೆಯೂ ಇದೆ. ನಾವು ಪ್ರತಿ ಸಲ ನುಂಗುವಾಗ ಉಸಿರು ಒಂದು ಕ್ಷಣ ನಿಲ್ಲುತ್ತದೆ. ನಮಗೆ ಅದು ಗೊತ್ತೇ ಆಗುವುದಿಲ್ಲ. ಕುಳಿತಲ್ಲೇ ಏದುಸಿರು ಬಿಡುವವರಿಗೆ ಆ ಒಂದು ಕ್ಷಣವೂ ದುಬಾರಿ. ಮುದ್ದೆ ನುಂಗಿ, ಸುಧಾರಿಸಿಕೊಂಡು, ಮತ್ತೆ ನುಂಗಿ, ಹೀಗೆ ಅರ್ಧ ಊಟಕ್ಕೇ ಸುಸ್ತು. ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ. ನಾವು ಅದನ್ನು ಹಠ ಅನ್ನುತ್ತೇವೆ.

ನಾಲಿಗೆಯದ್ದು ಇನ್ನೊಂದು ತೊಂದರೆ. ಹೃದಯಕ್ಕೆ ಕೊಡುವ ಕೆಲವು ಮಾತ್ರೆಗಳು ರುಚಿ ಕೆಡಿಸುತ್ತವೆ. ಕ್ಯಾಪ್ಟೊಪ್ರಿಲ್ ಇದಕ್ಕೆ ಹೆಸರಾದದ್ದು. ಡಿಗಾಕ್ಸಿನ್ ಪ್ರಮಾಣ ರಕ್ತದಲ್ಲಿ ಜಾಸ್ತಿಯಾದರೆ ವಾಕರಿಕೆ ಬರುತ್ತದೆ, ಊಟ ಸೇರುವುದಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಕೆಲವರಿಗೆ ಹೊಟ್ಟೆ ತೊಳೆಸುತ್ತದೆ. ಹಾಗೆಂದು ಮಾತ್ರೆ ನೀವಾಗಿಯೇ ನಿಲ್ಲಿಸುವ ಹಾಗಿಲ್ಲ. ಆದರೆ ‘ಈ ಮಾತ್ರೆ ಶುರುವಾದ ಮೇಲೆ ಊಟ ಸೇರುತ್ತಿಲ್ಲ’ ಎಂದು ಡಾಕ್ಟರಿಗೆ ಹೇಳಬೇಕು. ಎಷ್ಟೋ ಸಲ ಬದಲಿ ಮಾತ್ರೆ ಇರುತ್ತದೆ.

ಇಷ್ಟೆಲ್ಲ ದಾಟಿ ಹೊಟ್ಟೆ ಸೇರಿದ ಅನ್ನವೂ ಪೂರ್ತಿ ಮೈಗೆ ಹತ್ತುವುದಿಲ್ಲ. ಕಾಲು ಊದಿಕೊಂಡ ಹಾಗೆಯೇ ಕರುಳಿನ ಗೋಡೆಯೂ ಊದಿಕೊಂಡಿರುತ್ತದೆ. ಕಾಲಿನ ಬಾವು ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಕರುಳಿನ ಬಾವು ಯಾರಿಗೂ ಕಾಣುವುದಿಲ್ಲ. ಕರುಳಿಗೆ ಹೋಗುವ ರಕ್ತವೂ ಕಡಿಮೆಯಾಗಿರುತ್ತದೆ. ಏಕೆಂದರೆ ಸೋತ ಹೃದಯ ಮೊದಲು ಮಿದುಳನ್ನು, ತನ್ನನ್ನು ನೋಡಿಕೊಳ್ಳುತ್ತದೆ. ಹೀಗೆ ಊದಿಕೊಂಡ ಗೋಡೆ ಪೋಷಕಾಂಶಗಳನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಜೊತೆಗೆ ಗೋಡೆಯ ಬಿಗಿ ತಪ್ಪಿ, ಬ್ಯಾಕ್ಟೀರಿಯಾಗಳ ವಿಷದ ತುಣುಕುಗಳು ಒಳಗಿನಿಂದ ರಕ್ತಕ್ಕೆ ಸೋರುತ್ತವೆ. ಮುಂದಿನ ದೊಡ್ಡ ಅನಾಹುತಕ್ಕೆ ಇದೂ ಒಂದು ಕಾರಣ ಎಂದು ವೈದ್ಯರು ಹೇಳುತ್ತಾರೆ.

ಆ ಅನಾಹುತ ಯಾವುದು ಎಂದು ತಿಳಿಯಲು 1980ರ ದಶಕಕ್ಕೆ ಹೋಗಬೇಕು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಕೆಲವು ವಿಜ್ಞಾನಿಗಳಿಗೆ ಒಂದು ಪ್ರಶ್ನೆ ಕಾಡುತ್ತಿತ್ತು. ಸೋಂಕು ತಗುಲಿದ ಪ್ರಾಣಿಗಳು ಇಷ್ಟೊಂದು ಬಡಕಲಾಗುವುದು ಯಾಕೆ? ಅವರು ಮೈ ಸೊರಗಿಸುವ ಒಂದು ವಸ್ತುವನ್ನು ಬೇರ್ಪಡಿಸಿದರು. ಕ್ಯಾಕೆಕ್ಟಿನ್ ಎಂದು ಹೆಸರಿಟ್ಟರು. 1985ರಲ್ಲಿ ಗೊತ್ತಾಯಿತು, ಗಡ್ಡೆಗಳನ್ನು ಕೊಲ್ಲುವ ಪ್ರೋಟೀನ್ ಎಂದು ಬೇರೆಯವರು ಹುಡುಕಿದ್ದ ಟಿಎನ್‌ಎಫ್ ಇದೇ ಎಂದು. 1990ರಲ್ಲಿ ತೀವ್ರ ಹೃದಯ ವೈಫಲ್ಯ ಇರುವವರ ರಕ್ತದಲ್ಲೂ ಇದು ಜಾಸ್ತಿ ಇರುವುದು ಕಂಡುಬಂತು. ಅಂದರೆ ಸೋಂಕೇ ಇಲ್ಲದೆ, ಮೈ ಒಳಗೊಳಗೇ ಯುದ್ಧಕ್ಕೆ ನಿಂತಿರುತ್ತದೆ, ಇದನ್ನೇ ಉರಿಯೂತ ಅನ್ನುವುದು. ಇದರ ಜೊತೆ ಅಡ್ರಿನಾಲಿನ್ ಗುಂಪಿನ ಹಾರ್ಮೋನುಗಳು, ಕಾರ್ಟಿಸಾಲ್ ಏರುತ್ತವೆ. ಕಟ್ಟುವ ಕೆಲಸದ ಇನ್ಸುಲಿನ್, ಬೆಳವಣಿಗೆಯ ಹಾರ್ಮೋನುಗಳ ಮಾತನ್ನು ಮೈ ಕೇಳುವುದಿಲ್ಲ. ಕೆಡವುವವರು ಹೆಚ್ಚು, ಕಟ್ಟುವವರು ಕಡಿಮೆ.

ಬರೀ ಉಪವಾಸಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಆರೋಗ್ಯವಂತರು ಉಪವಾಸ ಬಿದ್ದರೆ ಮೈ ಜಾಣತನ ತೋರುತ್ತದೆ. ಮೊದಲು ಕೊಬ್ಬನ್ನು ಖರ್ಚು ಮಾಡುತ್ತದೆ, ಮಾಂಸಖಂಡವನ್ನು ಆದಷ್ಟು ಉಳಿಸಿಕೊಳ್ಳುತ್ತದೆ. ಖರ್ಚನ್ನೂ ತಗ್ಗಿಸುತ್ತದೆ. ಹೃದಯ ಸೋತವರಲ್ಲಿ ಆ ಜಾಣತನ ತಪ್ಪಿಹೋಗಿರುತ್ತದೆ. ಅಟ್ಟದ ಮೇಲೆ ಸೌದೆ ಇದ್ದರೂ ಮನೆಯ ತೊಲೆ ಕಿತ್ತು ಒಲೆಗೆ ಹಾಕಿದ ಹಾಗೆ, ಕೊಬ್ಬಿನ ಜೊತೆಗೇ ಮಾಂಸಖಂಡವೂ ಉರಿಯುತ್ತದೆ. ಅದರ ಮೇಲೆ ಉಸಿರಾಡುವುದೇ ಒಂದು ದುಡಿಮೆ ಆಗಿರುವುದರಿಂದ ಸುಮ್ನೆ ಮಲಗಿದ್ದರೂ ಖರ್ಚು ಇದ್ದೇ ಇರುತ್ತದೆ. ಆದ್ದರಿಂದಲೇ ‘ಚೆನ್ನಾಗಿ ತಿನ್ನಿಸಿ, ಸರಿಹೋಗುತ್ತದೆ’ ಎಂಬ ಮಾತು ಅರ್ಧ ಸತ್ಯ ಮಾತ್ರ. ಹೃದಯದ ಚಿಕಿತ್ಸೆ ಸರಿಯಾಗಿ ನಡೆಯದೆ ಊಟ ಒಂದರಿಂದಲೇ ಈ ಬೆಂಕಿ ಆರುವುದಿಲ್ಲ.

ಇನ್ನು ನೀರಿನ ಮಾತ್ರೆ. ಮೈಯಲ್ಲಿ ಸೇರಿದ ನೀರನ್ನು ಮೂತ್ರವಾಗಿ ಹೊರಹಾಕುವ, ಫ್ಯೂರೋಸೆಮೈಡ್‌ನಂಥ ಈ ಮಾತ್ರೆ ಇಲ್ಲದೆ ಬಹಳ ಜನಕ್ಕೆ ಉಸಿರಾಡಲೂ ಆಗದು, ಅದನ್ನು ಬಿಡುವ ಮಾತೇ ಇಲ್ಲ. ಆದರೆ ಮೂತ್ರದ ಜೊತೆ ಪೊಟ್ಯಾಶಿಯಂ, ಮೆಗ್ನೀಶಿಯಂ ಹೊರಹೋಗುತ್ತವೆ. ಬಿ1 ಎಂಬ ವಿಟಮಿನ್ ಕೂಡ, ಅಂದರೆ ಥಯಾಮಿನ್. ನಮ್ಮ ಮೈಯಲ್ಲಿ ಥಯಾಮಿನ್ ಸಂಗ್ರಹ ಕೆಲವೇ ವಾರಗಳಿಗೆ ಸಾಲುವಷ್ಟು. ಅದು ಖಾಲಿಯಾದರೆ ಬೆರಿಬೆರಿ ಬರುತ್ತದೆ, ಬೆರಿಬೆರಿಯ ಒಂದು ಬಗೆ ಹೃದಯವನ್ನೇ ಸೋಲಿಸುತ್ತದೆ. ಚಿಕಿತ್ಸೆಯಲ್ಲೇ ಅಡಗಿರುವ ಈ ಸಣ್ಣ ಸೋರಿಕೆ ಅನ್ನವೇ ಮುಖ್ಯವಾದ ನಮ್ಮ ಊಟದಲ್ಲಿ ಹೆಚ್ಚು ಗಮನಿಸಬೇಕಾದದ್ದು. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಥಯಾಮಿನ್ ಮೊದಲೇ ಕಡಿಮೆ. ಮೂರು ನಾಲ್ಕು ಸಲ ತಿಕ್ಕಿ ತೊಳೆದರೆ, ಬೆಂದ ಮೇಲೆ ಗಂಜಿ ಬಸಿದು ಚೆಲ್ಲಿದರೆ ಇನ್ನಷ್ಟು ಹೋಗುತ್ತದೆ. ಕರಾವಳಿಯ ಕುಚ್ಚಲಕ್ಕಿಯಲ್ಲಿ ಅದು ಹೆಚ್ಚು ಉಳಿದಿರುತ್ತದೆ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸುವಾಗ ತೌಡಿನ ಥಯಾಮಿನ್ ಕಾಳಿನ ಒಳಕ್ಕೆ ಇಳಿಯುತ್ತದೆ, ಅದಕ್ಕೆ.

ಕಬ್ಬಿಣದ ಕೊರತೆ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹೃದಯ ವೈಫಲ್ಯ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ಇದು ಇರುತ್ತದೆ. ‘ರಕ್ತ 12 ಇದೆ, ಪರವಾಗಿಲ್ಲ’ ಎಂದು ಬಿಟ್ಟರೆ ತಪ್ಪಾಗುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದೂ ಮೈಯಲ್ಲಿ ಕಬ್ಬಿಣ ಕಡಿಮೆ ಇರಬಹುದು. ಮಾಂಸಖಂಡಗಳಿಗೂ ಕಬ್ಬಿಣ ಬೇಕು, ಇಲ್ಲದಿದ್ದರೆ ನಾಲ್ಕು ಹೆಜ್ಜೆಗೇ ಸುಸ್ತು. ಒಳಗಿನ ಉರಿಯೂತದಿಂದ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿದರೆ ಅದು ಕರುಳಿನ ಬಾಗಿಲಿಗೆ ಬೀಗ ಹಾಕುತ್ತದೆ, ತಿಂದ ಕಬ್ಬಿಣ ರಕ್ತಕ್ಕೆ ಬರುವುದಿಲ್ಲ. 2017ರಲ್ಲಿ ಪ್ರಕಟವಾದ ಐರನ್‌ಔಟ್ ಎಂಬ ಅಧ್ಯಯನದಲ್ಲಿ ಪಂಪಿಂಗ್ ಕಡಿಮೆ ಇರುವವರಿಗೆ 16 ವಾರ ಕಬ್ಬಿಣದ ಮಾತ್ರೆ ಕೊಟ್ಟರು. ಅವರ ದಮ್ಮು, ಶಕ್ತಿ ಹೆಚ್ಚಲಿಲ್ಲ. ರಕ್ತನಾಳದ ಮೂಲಕ ಕಬ್ಬಿಣ ಕೊಟ್ಟರೆ ಗುಣ ಕಾಣುತ್ತದೆ ಎಂದು 2009ರ ಫೇರ್ ಎಂಬ ಅಧ್ಯಯನದಿಂದಲೇ ಗೊತ್ತಿದೆ. ಹಾಗಾಗಿ ಹಿಮೋಗ್ಲೋಬಿನ್ ಜೊತೆ, ಮೈಯಲ್ಲಿರುವ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಖರ್ಜೂರ, ಬೆಲ್ಲ ತಿನ್ನಿಸಿದರೆ ಸಾಕು ಎಂಬ ನಂಬಿಕೆ ಇಲ್ಲಿ ಕೈ ಕೊಡುತ್ತದೆ.

ಇದುವರೆಗೆ ಹೇಳಿದ್ದು ಮೈಯೊಳಗಿನ ಕಾರಣಗಳು. ನನಗೆ ಹೆಚ್ಚು ಸಂಕಟ ಆಗುವುದು ಅಡುಗೆಮನೆಯ ಕಾರಣ ನೋಡಿ.

ಹೃದಯದ ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದರು, ನೀರೂ ಅಳತೆಯಲ್ಲಿರಲಿ ಅಂದರು. ಸಕ್ಕರೆ ಕಾಯಿಲೆಯ ಡಾಕ್ಟರು ಅನ್ನ, ಮುದ್ದೆ ಕಡಿಮೆ ಅಂದರು. ಮೂತ್ರಪಿಂಡದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ ಇದೆ, ಬೇಳೆ ಹುಷಾರು ಅಂದರು ಇನ್ನೊಬ್ಬರು. ಮೊಟ್ಟೆ, ತುಪ್ಪ ಹೃದಯಕ್ಕೆ ಒಳ್ಳೆಯದಲ್ಲ ಅಂದರು ನೆಂಟರು. ಕಾಳು ವಾಯು ಅಂದರು ಪಕ್ಕದ ಮನೆಯವರು. ಅದರ ಮೇಲೆ ಶನಿವಾರದ ಒಪ್ಪೊತ್ತು, ಏಕಾದಶಿ. ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಕಾಳಜಿಯಿಂದಲೇ ಹೇಳಿದ್ದು. ಆದರೆ ಬೇಡ ಅಂದದ್ದನ್ನೆಲ್ಲ ಕಳೆದು ತಟ್ಟೆಯಲ್ಲಿ ಉಳಿದದ್ದೇನು ಎಂದು ಯಾರೂ ನೋಡಲಿಲ್ಲ. ಉಳಿದದ್ದು ಉಪ್ಪಿಲ್ಲದ ತೆಳು ಗಂಜಿ, ಎರಡು ಚಮಚ ಮೊಸರನ್ನ, ತಿಳಿಸಾರು.

ಕಾಯಿಲೆಯವರಿಗೆ ಗಂಜಿ ಕೊಡುವುದು ನಮ್ಮಲ್ಲಿ ಪ್ರೀತಿಯ ಗುರುತು. ಜ್ವರಕ್ಕೆ ಅದು ಸರಿ. ಹೃದಯ ಸೋತವರಿಗೆ ದಿನಾ ಅದೇ ಆದರೆ ಲೆಕ್ಕ ತಿರುವುಮುರುವು ಆಗುತ್ತದೆ. ಇವರ ಹೊಟ್ಟೆಯಲ್ಲಿ ಜಾಗ ಕಡಿಮೆ, ಕುಡಿಯುವ ನೀರಿಗೂ ಅಳತೆ. ಅಂಥವರಿಗೆ ಹೆಚ್ಚು ಜಾಗ ಹಿಡಿಯುವ, ಕಡಿಮೆ ಸತ್ವ ಇರುವ, ನೀರಿನ ಲೆಕ್ಕವನ್ನೂ ತಿನ್ನುವ ಊಟ ಕೊಟ್ಟ ಹಾಗಾಗುತ್ತದೆ. ತಿಳಿಸಾರೂ ಹಾಗೆಯೇ. ಪ್ರೋಟೀನ್ ಇರುವುದು ತಳದಲ್ಲಿ ಕುಳಿತ ಬೇಳೆಯಲ್ಲಿ, ಮೇಲಿನ ತಿಳಿಯಲ್ಲಲ್ಲ.

ಉಪ್ಪಿನ ವಿಷಯದಲ್ಲಿ 2022ರಲ್ಲಿ ಸೋಡಿಯಂ-ಎಚ್‌ಎಫ್ ಎಂಬ ದೊಡ್ಡ ಅಧ್ಯಯನ ಬಂತು. ಆರು ದೇಶಗಳ 806 ರೋಗಿಗಳು ಅದರಲ್ಲಿದ್ದರು. ಒಂದು ಗುಂಪಿಗೆ ದಿನಕ್ಕೆ ಸೋಡಿಯಂ 1500 ಮಿಲಿಗ್ರಾಂಗಿಂತ ಕಡಿಮೆ, ಅಂದರೆ ಒಟ್ಟು ಸುಮಾರು ಮುಕ್ಕಾಲು ಚಮಚ ಉಪ್ಪು ಎಂಬ ಗುರಿ. ಇನ್ನೊಂದು ಗುಂಪಿಗೆ ಮಾಮೂಲಿ ಸಲಹೆ. ಒಂದು ವರ್ಷ ನೋಡಿದಾಗ ಸಾವು, ಆಸ್ಪತ್ರೆ ಸೇರುವುದು ಇವುಗಳಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಇದರಿಂದ ಉಪ್ಪಿನಕಾಯಿ, ಹಪ್ಪಳಕ್ಕೆ ಅನುಮತಿ ಸಿಕ್ಕಿತು ಅಂದುಕೊಳ್ಳಬೇಡಿ. ಅಲ್ಲಿದ್ದವರು ಮೊದಲೇ ಸಾಧಾರಣ ಉಪ್ಪು ತಿನ್ನುತ್ತಿದ್ದವರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ನಾವು ತಿನ್ನುವುದು ಅದಕ್ಕಿಂತ ತುಂಬಾ ಜಾಸ್ತಿ. ಕಡಿಮೆ ಮಾಡಲೇಬೇಕು. ಆದರೆ ಉಪ್ಪು ಕಡಿಮೆ ಮಾಡುವ ಭರದಲ್ಲಿ ಊಟವೇ ಕಡಿಮೆಯಾದರೆ ಲಾಭಕ್ಕಿಂತ ನಷ್ಟವೇ ದೊಡ್ಡದು ಎಂದು ನನ್ನ ಅನಿಸಿಕೆ. ನಿಂಬೆಹಣ್ಣು, ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ ಒಗ್ಗರಣೆ, ಕೊತ್ತಂಬರಿ ಸೊಪ್ಪು ಇವೆಲ್ಲ ನಾಲಿಗೆಗೆ ಆಸರೆ. ಅಂಗಡಿಯಲ್ಲಿ ಸಿಗುವ ಸೋಡಿಯಂ ಕಡಿಮೆ ಇರುವ ಉಪ್ಪನ್ನು ಮಾತ್ರ ಕೇಳದೆ ಬಳಸಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಶಿಯಂ ಇರುತ್ತದೆ. ಪೊಟ್ಯಾಶಿಯಂ ಅನ್ನು ಮೈಯಲ್ಲೇ ಉಳಿಸುವ ಸ್ಪೈರನೊಲ್ಯಾಕ್ಟೋನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ, ಮೂತ್ರಪಿಂಡ ಸರಿಯಿಲ್ಲದವರಿಗೆ ಅದು ಅಪಾಯ.

ಬದುಕಿನ ಕಾರಣಗಳೂ ಇವೆ. ಭಾರತದ 53 ಆಸ್ಪತ್ರೆಗಳ 10,851 ರೋಗಿಗಳನ್ನು ದಾಖಲಿಸಿದ ರಾಷ್ಟ್ರೀಯ ಹೃದಯ ವೈಫಲ್ಯ ನೋಂದಣಿಯಲ್ಲಿ ಸರಾಸರಿ ವಯಸ್ಸು ಸುಮಾರು 60. ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆ ಬರುವುದು ಸಾಮಾನ್ಯವಾಗಿ ಇನ್ನೂ ಹತ್ತು ವರ್ಷ ತಡವಾಗಿ. ಅಂದರೆ ನಮ್ಮಲ್ಲಿ ದುಡಿಯುವ ಕೈಯೇ ಕುಸಿಯುತ್ತದೆ. ಮಾತ್ರೆಗೆ ದುಡ್ಡು ಹೊಂದಿಸಿದ ಮನೆಯಲ್ಲಿ ಮೊದಲು ಕಡಿಮೆಯಾಗುವುದು ಹಾಲು, ಮೊಟ್ಟೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸರು, ಒಬ್ಬರೇ ಇರುವ ವಯಸ್ಸಾದವರು, ಹಲ್ಲಿಲ್ಲದವರು, ಕಾಯಿಲೆಯಿಂದ ಮನಸ್ಸು ಕುಗ್ಗಿ ಯಾವುದೂ ಬೇಡವಾದವರು ಇವರೆಲ್ಲ ಇನ್ನೂ ಬೇಗ ಸೊರಗುತ್ತಾರೆ. ದಪ್ಪ ಇದ್ದವರಿಗೆ ಈ ತೊಂದರೆ ಇಲ್ಲ ಅಂತಲೂ ಅಲ್ಲ. ಹೊಟ್ಟೆಯ ಕೊಬ್ಬು ಹಾಗೇ ಇದ್ದು ತೊಡೆ, ತೋಳಿನ ಮಾಂಸ ಕರಗುವುದು ಉಂಟು.

ಹಾಗಾದರೆ ಮನೆಯಲ್ಲಿ ಏನು ನೋಡಬೇಕು? ತೂಕ ದಿನಾ ನೋಡಿ, ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ನೀರು, ತಕ್ಷಣ ಡಾಕ್ಟರಿಗೆ ಹೇಳಿ. ಊತ ಇಲ್ಲದಿರುವಾಗಿನ ತೂಕ ಎಷ್ಟು ಎಂದು ಬೇರೆಯಾಗಿ ಬರೆದಿಡಿ. 60 ಕಿಲೋ ಇದ್ದವರು ವರ್ಷದಲ್ಲಿ, ಬೇಕೆಂದು ಇಳಿಸದೆ, 3 ಕಿಲೋ ಕಳೆದುಕೊಂಡರೆ ಅಂದರೆ ಶೇ. 5, ಅದು ಎಚ್ಚರಿಕೆಯ ಗಂಟೆ. ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ತಿಂಗಳಿಗೊಮ್ಮೆ ಅಳೆಯಿರಿ. ಕೈ ಹಿಡಿತ ಸಡಿಲವಾಯಿತೇ, ಕುರ್ಚಿಯಿಂದ ಏಳಲು ಕೈ ಊರಬೇಕಾಗಿದೆಯೇ, ಕೆನ್ನೆಯ ಮೇಲೆ, ಕಣ್ಣಿನ ಪಕ್ಕ ಗುಳಿ ಬಿದ್ದಿದೆಯೇ ನೋಡಿ. ರಕ್ತ ಪರೀಕ್ಷೆಯಲ್ಲಿ ಕಾಣುವ ಆಲ್ಬುಮಿನ್ ಎಂಬ ಪ್ರೋಟೀನ್ ಒಂದನ್ನೇ ನಂಬಬೇಡಿ. ಉರಿಯೂತದಿಂದಲೂ, ನೀರು ಜಾಸ್ತಿಯಾದದ್ದರಿಂದಲೂ ಅದು ಇಳಿಯುತ್ತದೆ.

ಊಟದ ಕ್ರಮ ಬದಲಾಯಿಸಿದ್ದು ನಮ್ಮ ಮನೆಯಲ್ಲಿ ಕೆಲಸ ಮಾಡಿತು. ಮೂರು ಹೊತ್ತಿನ ಬದಲು ಆರು ಹೊತ್ತು, ಸ್ವಲ್ಪ ಸ್ವಲ್ಪ. ಊಟಕ್ಕೆ ಮೊದಲು ಅರ್ಧ ಗಂಟೆ ವಿಶ್ರಾಂತಿ, ಸ್ನಾನ ಮುಗಿಸಿದ ಕೂಡಲೇ ತಟ್ಟೆ ಇಡುವುದಿಲ್ಲ. ನೀರು ಊಟದ ಮಧ್ಯೆ ಅಲ್ಲ, ಆಮೇಲೆ. ಗಟ್ಟಿ ಬೇಳೆ, ಹೆಸರುಕಾಳಿನ ಉಸಲಿ, ಗಟ್ಟಿ ಮೊಸರು, ದಿನಕ್ಕೊಂದು ಮೊಟ್ಟೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಒಂದು ಹಿಡಿ ಹುರಿಗಡಲೆಯಲ್ಲೂ ಹತ್ತಿರ ಹತ್ತಿರ ಅಷ್ಟೇ, ಹಲ್ಲಿಲ್ಲದವರಿಗೆ ಪುಡಿ ಮಾಡಿ ಕೊಡಬಹುದು. ಹೃದಯ ವೈಫಲ್ಯ ಇರುವವರಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ ಕನಿಷ್ಠ 1.1 ಗ್ರಾಂ ಪ್ರೋಟೀನ್ ಬೇಕು ಎಂದು ಅಮೆರಿಕದ ಹೃದಯ ವೈಫಲ್ಯ ತಜ್ಞರ ಸಂಘ 2019ರಲ್ಲಿ ಹೇಳಿದೆ. ಮೂತ್ರಪಿಂಡದ ತೊಂದರೆ ಇದ್ದರೆ ಎಷ್ಟು ಎಂಬುದನ್ನು ಡಾಕ್ಟರೇ ಹೇಳಬೇಕು. ಸ್ಪೇನಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪಿಕ್ನಿಕ್ ಎಂಬ ಅಧ್ಯಯನದಲ್ಲಿ ಅಪೌಷ್ಟಿಕತೆ ಇದ್ದ 120 ರೋಗಿಗಳಲ್ಲಿ ಅರ್ಧ ಜನಕ್ಕೆ, ಒಬ್ಬೊಬ್ಬರಿಗೂ ಹೊಂದುವ ಹಾಗೆ ಊಟದ ಸಲಹೆ ಕೊಟ್ಟು ಆರು ತಿಂಗಳು ನೋಡಿಕೊಂಡರು. ವರ್ಷದ ಕೊನೆಗೆ ಆ ಗುಂಪಿನಲ್ಲಿ ಸಾವೂ ಕಡಿಮೆ, ಮತ್ತೆ ಆಸ್ಪತ್ರೆ ಸೇರಿದವರೂ ಕಡಿಮೆ. ಹೊಸ ಔಷಧಿ ಅಲ್ಲ, ಊಟದ ಗಮನ ಅಷ್ಟೇ. ಜೊತೆಗೆ ಡಾಕ್ಟರು ಒಪ್ಪಿದಷ್ಟು ನಡಿಗೆ, ಕೈಕಾಲಿಗೆ ಸಣ್ಣ ವ್ಯಾಯಾಮ ಬೇಕು. ಕೆಲಸ ಕೊಡದ ಮಾಂಸಖಂಡಕ್ಕೆ ಪ್ರೋಟೀನ್ ಸರಿಯಾಗಿ ಹೋಗಿ ಸೇರುವುದಿಲ್ಲ.

ನೀರಿನ ಮಾತ್ರೆ ಹೆಚ್ಚಿಸಿದ ಮೇಲೆ ದೊಡ್ಡಮ್ಮನ ಕಾಲಿನ ಊತ ಪೂರ್ತಿ ಇಳಿಯಿತು. ತಕ್ಕಡಿ 45 ತೋರಿಸಿತು. ಮನೆಯಲ್ಲಿ ಎಲ್ಲರೂ ಗಾಬರಿ, ಒಂದೇ ವಾರದಲ್ಲಿ ಏಳು ಕಿಲೋ ಹೋಯಿತಲ್ಲ ಅಂತ. ಆ ಏಳು ಕಿಲೋ ನೀರು. ಅದರ ಕೆಳಗಿದ್ದ ಮಾಂಸ ಹೋಗಿದ್ದು ಎರಡು ವರ್ಷದಲ್ಲಿ, ನಮ್ಮ ಕಣ್ಣೆದುರೇ. ಈಗ ಅವರು ಊತ ಇಲ್ಲದೆ 47 ಇದ್ದಾರೆ. ಬೆಳಿಗ್ಗೆ ಹನ್ನೊಂದಕ್ಕೆ ಹುರಿಗಡಲೆ ಪುಡಿಗೆ ಮೊಸರು ಕಲಸಿಕೊಂಡು ಅವರೇ ತಿನ್ನುತ್ತಾರೆ. ತಲೆ ಬಾಚುವಾಗ ಬಳೆ ಈಗಲೂ ಜಾರುತ್ತದೆ, ಆದರೆ ಮೊಣಕೈತನಕ ಹೋಗುವುದಿಲ್ಲ.